ಹಾಜಿಮಲಂಗ್ ಅಳಿಸಿದ ಹಾಡುಗಳು

ಚಂದಾಪುರದ ಬಸ್‌ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿಯಲ್ಲಿ ಹಾಜಿಮಲಂಗ್ ಹನ್ನೆರಡು ವರ್ಷ ಮೆಮೊರಿ ಕಾರ್ಡುಗಳಿಗೆ ಹಾಡು, ಸಿನಿಮಾ ತುಂಬಿಕೊಟ್ಟ. ಶುಕ್ರವಾರ ಬಿಡುಗಡೆಯಾದ ಸಿನಿಮಾ ಶನಿವಾರ ಅವನ ಕಂಪ್ಯೂಟರಿನಲ್ಲಿ ಇರುತ್ತಿತ್ತು. ಹಾಗಂತ ಮೋಸದ ಮನುಷ್ಯನಲ್ಲ. ಗಿರಾಕಿ ಮರೆತುಹೋದ ಫೋನನ್ನು ಎರಡು ವರ್ಷ ಜೋಪಾನ ಮಾಡಿ ಮರಳಿಸಿದವನು. ನೆಟ್ಟಿನಲ್ಲಿ ಸಿಕ್ಕದ್ದಕ್ಕೂ ಒಬ್ಬ ಒಡೆಯ ಇರುತ್ತಾನೆ ಎಂದು ಮಾತ್ರ ಅವನಿಗೆ ಎಂದೂ ಹೊಳೆದಿರಲಿಲ್ಲ.

ಮೂರು ವರ್ಷದ ಹಿಂದೆ ಚಿಮ್ಮನಚೋಡದ ರಮಾಬಾಯಿ ಅಂಗಡಿಗೆ ಬಂದಳು. ಕೂಲಿ ಮಾಡುವ ಹೆಣ್ಣುಮಗಳು. ತೊಗರಿ ಕೊಯ್ಯುವಾಗ ಕೇಳಲು ಜನಪದ ಹಾಡು ಬೇಕೆಂದಳು. ಮಲಂಗ್ ಹಾಡು ತುಂಬಿ, ಸರಿಯಾಗಿ ಬರುತ್ತದೋ ನೋಡಲು ಒಂದನ್ನು ಹಚ್ಚಿದ. ರಮಾಬಾಯಿ ಕೈಚೀಲ ಕೆಳಗಿಟ್ಟಳು.

“ಇದು ನನ್ನ ದನಿ ಅದರಿ, ಭಾಯಿ.”

ಪರದೆಯ ಮೇಲೆ ಬೇರೆ ಯಾರದೋ ಹೆಸರಿತ್ತು. ಅರವತ್ತನೇ ವಯಸ್ಸಿನಲ್ಲಿ ಸಹಿ ಕಲಿತ ಅತ್ತೆ ಯಂಕಮ್ಮನ ಮೇಲೆ ರಮಾಬಾಯಿ ತಾನೇ ಕಟ್ಟಿದ ಹಾಡದು. ಮಹಿಳಾ ಸಂಘದ ಸಭೆಗೆ ಬಂದಿದ್ದವರು ಯಾರೋ ರೆಕಾರ್ಡ್ ಮಾಡಿಕೊಂಡು ಹೋಗಿ, ಅತ್ತೆಯ ಹೆಸರು ಬರುವ ಕೊನೆಯ ನುಡಿ ಕತ್ತರಿಸಿ, ತಮ್ಮ ಚಾನೆಲ್ಲಿಗೆ ಏರಿಸಿದ್ದರು.

“ಎಷ್ಟ್ ಮಂದಿಗಿ ಕೊಟ್ಟೀರಿ?”

“ಗೊತ್ತಿಲ್ಲ, ಅಕ್ಕಾ. ಭಾಳ ಮಂದಿಗಿ.”

“ನಮ್ಮತ್ತಿ ಹೆಸರಾದ್ರೂ ಉಳಿಸಬೇಕಿತ್ತು,” ಅಂದಳು. ಬೈಯಲಿಲ್ಲ. ಬೈದಿದ್ದರೆ ಮಲಂಗನಿಗೆ ಹಗುರವಾಗುತ್ತಿತ್ತು.

ಅವತ್ತೇ ಅವಳನ್ನು ಕೂಡಿಸಿಕೊಂಡು ಚಾನೆಲ್ ಮೇಲೆ ದೂರು ಬರೆದ. ಇದು ಹಳೇ ಹಾಡು, ಯಾರ ಸ್ವತ್ತೂ ಅಲ್ಲ ಎಂದು ಚಾನೆಲ್ಲಿನವರಿಂದ ಉತ್ತರ ಬಂತು. ಯಂಕಮ್ಮನಿಗೆ ಅಕ್ಷರ ಕಲಿಸಿದ ವೃಂದಾ ಟೀಚರನ್ನು ಮಲಂಗ್ ಹುಡುಕಿಕೊಂಡು ಹೋದ. ಸಾಕ್ಷರತಾ ಕೇಂದ್ರದ ಕಾರ್ಯಕ್ರಮದಲ್ಲಿ ರಮಾಬಾಯಿ ಹಾಡಿದ್ದು ಅವರ ಫೋನಿನಲ್ಲಿತ್ತು, ಕೊನೆಯ ನುಡಿಯ ಸಮೇತ. ಚಾನೆಲ್ಲಿಗೆ ಏರಿಸಿದ್ದಕ್ಕಿಂತ ಒಂದು ವರ್ಷ ಹಿಂದಿನ ತಾರೀಖು. ಅದನ್ನು ಕಳಿಸಿದ ಮೂರು ವಾರಕ್ಕೆ ಕದ್ದ ಹಾಡು ಚಾನೆಲ್ಲಿನಿಂದ ಇಳಿಯಿತು.

ಮಲಂಗ್ ಅಷ್ಟಕ್ಕೆ ಬಿಡಲಿಲ್ಲ. ತನ್ನ ಕಂಪ್ಯೂಟರಿನಲ್ಲಿದ್ದ ಸಾವಿರಾರು ಹಾಡುಗಳನ್ನು ನೋಡುತ್ತ ಕುಳಿತ. ಅವೂ ಯಾರೋ ಕಟ್ಟಿದವು, ಯಾರೋ ಹಾಡಿದವು. ಒಂದೊಂದಾಗಿ ಎಲ್ಲ ಫೋಲ್ಡರು ಅಳಿಸತೊಡಗಿದ. ಜೊತೆಗೆ ಅಂಗಡಿ ನಡೆಸುತ್ತಿದ್ದ ತಮ್ಮ ಮಶಾಕ ತಡೆದ.

“ಎಲ್ಲಾರೂ ಮಾಡ್ಲಾಕತ್ತಾರ. ನೀ ಒಬ್ಬಾಂವ ಬಿಟ್ರ ಏನಾಗ್ತದ, ಅಣ್ಣಾ?”

“ಆ ಅಕ್ಕನ ಮುಂದ ತಲಿ ತಗ್ಗಿಸಿ ನಿಂತಾಂವ ನಾ ಒಬ್ಬನೇ ಇದ್ನಲ್ಲ.”

ಗಿರಾಕಿಗಳು ಪಕ್ಕದ ಅಂಗಡಿ ಹಿಡಿದರು. ಮಲಂಗ್ ನಲವತ್ತರ ವಯಸ್ಸಿನಲ್ಲಿ ಕಲಬುರಗಿಗೆ ಹೋಗಿ, ಹುಡುಗರ ನಡುವೆ ಕುಳಿತು ಫೋನ್ ರಿಪೇರಿ ಕಲಿತುಬಂದ. ಕೈ ಪಳಗಲು ಒಂದು ವರ್ಷ ಬೇಕಾಯಿತು. ಈಗ ಸೇಡಂನಿಂದಲೂ ಕೆಟ್ಟ ಫೋನುಗಳು ಅವನಲ್ಲಿಗೆ ಬರುತ್ತವೆ.

ಅಂಗಡಿಯ ಹಿಂದಿನ ಕೋಣೆಗೆ ಗೋಣಿತಟ್ಟು ಬಡಿದು ಸದ್ದು ಬಾರದಂತೆ ಮಾಡಿ, ಸುತ್ತಲಿನ ಹಾಡುಗಾರರಿಗೆ ರೆಕಾರ್ಡ್ ಮಾಡಿಕೊಡುತ್ತಾನೆ. ಮೊದಲು ಹಾಡಿದವಳು ರಮಾಬಾಯಿ. ಪಕ್ಕದಲ್ಲಿ ಕುಳಿತಿದ್ದ ಯಂಕಮ್ಮ, ಸೊಟ್ಟ ಸಹಿಯ ನುಡಿ ಬಂದಾಗ ನಡುವೆಯೇ ತಡೆದು, “ನನ್ನ ಸಹಿ ಅಷ್ಟೇನ್ ಸೊಟ್ಟ ಇಲ್ಲ,” ಎಂದು ಮುನಿಸಿಕೊಂಡಿದ್ದೂ ಅದರಲ್ಲಿ ಸೇರಿಹೋಯಿತು. ಅದನ್ನು ತೆಗೆಯುವುದು ಬೇಡವೆಂದಳು ರಮಾಬಾಯಿ.

ಹೋದ ತಿಂಗಳು ಆಡಕಿಯಿಂದ ಒಬ್ಬರು ರಮಾಬಾಯಿಯ ಹೊಸ ಹಾಡು ಬೇಕೆಂದು ಬಂದರು. ಹಾಡು ಕಂಪ್ಯೂಟರಿನಲ್ಲೇ ಇತ್ತು. ಮಲಂಗ್ ಅವಳಿಗೆ ಫೋನ್ ಹಚ್ಚಿದ.

“ಇನ್ನಾ ಒಂದ್ ನುಡಿ ಬಾಕಿ ಅದ, ಭಾಯಿ. ಈಗ ಕೊಡಬ್ಯಾಡ್ರಿ.”

ಮಲಂಗ್ ಬಂದವರಿಗೆ ಚಹಾ ಕುಡಿಸಿ, ಯುಗಾದಿ ಕಳೆದ ಮೇಲೆ ಬರ್ರಿ ಅಂದ.