ಮೆಟ್ಟಿಲಿದ್ದ ಜಾಗ

ಅಕ್ಕ ಬಿದ್ದ ಸದ್ದು ನನಗೆ ಕೇಳಿಸಲಿಲ್ಲ. ಅವಳು ಹಾಲಿನ ಪಾತ್ರೆಗೆ ಬೈಯುತ್ತಿದ್ದದ್ದು ಕೇಳಿಸಿತು. ಊಟಿಯ ಜನವರಿ ಬೆಳಿಗ್ಗೆ. ಮೆಟ್ಟಿಲ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಓಡಿ ಹೋಗಿ ನೋಡಿದರೆ ಅವಳ ಬಲಗಾಲು ಹೊರಕ್ಕೆ ತಿರುಗಿಕೊಂಡಿತ್ತು.

ಸೊಂಟದ ಮೂಳೆ ಮುರಿದಿತ್ತು.

ನಮ್ಮ ಮನೆ ರಸ್ತೆಯಿಂದ ಬಹಳ ಕೆಳಗಿದೆ. ಬಾಗಿಲಿಗೆ ಗಾಡಿ ಬರುವುದಿಲ್ಲ, ಕಲ್ಲಿನ ಮೆಟ್ಟಿಲು ಇಳಿದೇ ಬರಬೇಕು. ಅಕ್ಕಪಕ್ಕದವರು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತರು. ಅಷ್ಟು ನೋವಿನಲ್ಲೂ ಅವಳು "ಹುಷಾರು, ಹುಷಾರು" ಎಂದು ಅವರಿಗೇ ಹೇಳುತ್ತಿದ್ದಳು.

ಅಕ್ಕತಂಗಿ ಇಬ್ಬರೂ ಮದುವೆಯಾಗದವರು. ಅಪ್ಪ ಗುಂಡ್ಲುಪೇಟೆಯಿಂದ ಬಂದು ಇಟ್ಟ ಉಲ್ಲನ್ ಅಂಗಡಿ ನನ್ನ ಪಾಲಿಗೆ, ಮನೆ ಅವಳ ಪಾಲಿಗೆ. ಸಾಯಂಕಾಲ ಅಂಗಡಿ ಮುಚ್ಚಿ ರಸ್ತೆಯಿಂದ ಇಣುಕಿದರೆ ಅಡುಗೆಮನೆಯ ದೀಪ ಕಾಣುತ್ತಿತ್ತು. ಅವಳು ಆಸ್ಪತ್ರೆ ಸೇರಿದ ಮೇಲೆ ಕತ್ತಲ ಮನೆಗೆ ಇಳಿಯಲು ಮನಸ್ಸಾಗದೆ ರಸ್ತೆಯಲ್ಲೇ ನಿಂತಿರುತ್ತಿದ್ದೆ. ಅಪ್ಪ, ಅಮ್ಮ ಹೋದಾಗಲೂ ಅಷ್ಟು ಒಂಟಿ ಅನ್ನಿಸಿರಲಿಲ್ಲ. ಆಗ ಅವಳಿದ್ದಳು.

ಆಪರೇಷನ್ ಆಯಿತು. "ಈಗಲೇ ಮನೆಗೆ ಕರ್ಕೊಂಡು ಹೋದ್ರೆ ಹಾಸಿಗೆ ಹಿಡಿದುಬಿಡ್ತಾರೆ," ಎಂದರು ಡಾಕ್ಟರು. "ಮತ್ತೆ ನಡೆಯೋದು ಕಲಿಸೋ ರಿಹ್ಯಾಬ್ ಇರೋ ಜಾಗ ನೋಡಿ."

ಎಸ್‌ಟಿಡಿ ಬೂತಿನಿಂದ ವಿಚಾರಿಸಿದಾಗ ಎಲ್ಲರೂ ಹೊಗಳಿದ ಜಾಗ ಕೊಯಮತ್ತೂರಿನಲ್ಲಿತ್ತು. ನೋಡಲು ಒಬ್ಬಳೇ ಹೋದೆ. ಮೂಗರಳಿಸಿದೆ, ಮೂತ್ರದ ವಾಸನೆಯಿಲ್ಲ. ಹಾಸಿಗೆಯ ಅಡಿ ನೋಡಿದೆ. ಊಟ ಕೇಳಿ ಉಂಡೆ, ಬೇಳೆ ಬೆಂದಿತ್ತು. ನರ್ಸುಗಳು ಹೊತ್ತುಹೊತ್ತಿಗೆ ಮಲಗಿದವರ ಮಗ್ಗಲು ಬದಲಿಸುತ್ತಿದ್ದರು, ಯಾರಿಗೂ ಬೆಡ್‌ಸೋರ್ ಹುಣ್ಣು ಇರಲಿಲ್ಲ. ಹುಳುಕು ಹುಡುಕುವುದರಲ್ಲಿ ನಾನೇನು ಕಮ್ಮಿಯವಳಲ್ಲ, ಆದರೂ ಒಂದೂ ಸಿಗಲಿಲ್ಲ. ಸೇರಿಸುತ್ತೇನೆ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಉದ್ದನೆಯ ಕಾರಿಡಾರಿನಲ್ಲಿ ಒಬ್ಬ ಅಜ್ಜಿ ವಾಕರ್ ಹಿಡಿದು ಸಲೀಸಾಗಿ ನಡೆದು ಬಂದರು.

"ಮೆಟ್ಟಿಲು ಎಲ್ಲಿ ಹತ್ತಿಸ್ತೀರಿ?" ಎಂದು ಅಲ್ಲಿನ ಮೇಟ್ರನ್ ಅವರನ್ನು ಕೇಳಿದೆ.

"ಲಿಫ್ಟ್ ಇರುಕ್ಕುಮ್ಮಾ, ಲಿಫ್ಟ್ ಇದೆ."

"ಮನೆಗೆ ಹೋದ ಮೇಲೆ?"

ಅವರು ಆ ಅಜ್ಜಿಯ ಕಡೆ ನೋಡಿ ದನಿ ತಗ್ಗಿಸಿದರು. "ಇಲ್ಲಿಗೆ ಬಂದೋರು ಮನೆಗೆ ಹೋಗೋದು ಕಮ್ಮಿ, ಅಮ್ಮಾ."

ಅವರು ನಿಜ ಹೇಳಿದರು. ಅದಕ್ಕೆ ಅವರಿಗೆ ಋಣಿ.

ಬಸ್ಸು ಘಾಟಿ ಹತ್ತುವಾಗ ಅಳು ಬಂತು. ಒಳ್ಳೆಯ ಜಾಗವೇ. ಅಲ್ಲಿ ಸೇರಿಸಿದರೆ ಅಕ್ಕ ಸಮತಟ್ಟಾದ ನೆಲದಲ್ಲಿ ಚೆನ್ನಾಗಿ ನಡೆಯುತ್ತಾಳೆ, ಮನೆಗೆ ಮಾತ್ರ ಬರುವುದಿಲ್ಲ. ಕತ್ತಲ ಮನೆ ನನಗೆ ಖಾಯಂ ಆಗುತ್ತದೆ.

ಕೊನೆಗೆ ಸೇರಿಸಿದ್ದು ಊಟಿಯಲ್ಲೇ ಇದ್ದ ಒಂದು ಹಳೆಯ ಬಂಗಲೆಗೆ. ಗೋಡೆ ತೇವ. ಬಿಸಿನೀರಿಗೆ ಸರದಿ. ಆದರೆ ಲಿಫ್ಟ್ ಇರಲಿಲ್ಲ, ಊಟದ ಕೋಣೆ ಕೆಳಗಿತ್ತು. ಅಲ್ಲಿನ ಫಿಸಿಯೋಥೆರಪಿಸ್ಟ್ ನೀಲಗಿರಿಯ ಬಡಗರ ಹೆಣ್ಣುಮಗಳು. ವಾಕರ್ ಹಿಡಿದು ನಡೆಯುವಂತಾದವರಿಗೆಲ್ಲ ಸೊಂಟಕ್ಕೆ ಬೆಲ್ಟ್ ಕಟ್ಟಿ, ಮೆಟ್ಟಿಲು ಇಳಿಸಿಯೇ ಊಟಕ್ಕೆ ಕೂರಿಸುತ್ತಿದ್ದಳು.

"ಎಂಥಾ ಜಾಗಕ್ಕೆ ತಂದು ಹಾಕ್ದೆ? ಸಾರಲ್ಲಿ ಮುಖ ನೋಡ್ಕೋಬೋದು," ಎಂದಳು ಅಕ್ಕ.

"ಇವತ್ತು ಇಳಿದ್ಯಾ?"

"ಇಳೀದೆ ಇದ್ರೆ ಆ ಹುಡುಗಿ ಬಿಡ್ತಾಳಾ?"

ಮಳೆ ಹಿಡಿಯುವ ಮೊದಲು ಅಕ್ಕ ಮನೆಗೆ ಇಳಿದಳು. ನೋವಿನ ಕಾಲು ಮೊದಲು, ಕೈ ನನ್ನ ಹೆಗಲ ಮೇಲೆ.

ಮತ್ತೆ ಹತ್ತಲು ಆಗಲಿಲ್ಲ.

ಬಂಗಲೆಯ ಒಂದು ಮಹಡಿ ಹತ್ತುತ್ತಿದ್ದ ಆ ಕಾಲಿಗೆ ರಸ್ತೆಯವರೆಗೆ ಹತ್ತುವಷ್ಟು ಶಕ್ತಿ ಬರುವುದು ಕಷ್ಟ ಎಂದಿದ್ದಾರೆ ಡಾಕ್ಟರು. ರಸ್ತೆ, ಮಾರ್ಕೆಟ್ಟು, ಅವಳ ದೇವಸ್ಥಾನ, ಎಲ್ಲವೂ ಮೇಲೆಯೇ ಉಳಿದವು. ನಾನು ಬರುವವರೆಗೆ ದಿನವಿಡೀ ಅವಳೊಬ್ಬಳೇ. ಒಮ್ಮೆ ಹೇಳಿಯೂಬಿಟ್ಟೆ: "ಕೊಯಮತ್ತೂರಲ್ಲಾಗಿದ್ರೆ ಮಾತಾಡೋಕೆ ಜನ ಇರ್ತಿದ್ರು."

"ಇದ್ರೆ ಇರ್ಲಿ. ನಿಂಗೆ ದೀಪ ಹಾಕೋರು ಯಾರು?"

ರಸ್ತೆಯಲ್ಲಿ ನಿಲ್ಲುತ್ತಿದ್ದ ವಿಷಯ ನಾನು ಅವಳಿಗೆ ಹೇಳಿಯೇ ಇರಲಿಲ್ಲ.

ನಿನ್ನೆ ಅಂಗಡಿ ಬೇಗ ಮುಚ್ಚಿದೆ. ಇನ್ನೂ ಬಿಸಿಲಿತ್ತು. ರಸ್ತೆಯಿಂದ ಇಣುಕಿದೆ. ಅಡುಗೆಮನೆಯ ದೀಪ ಆಗಲೇ ಉರಿಯುತ್ತಿತ್ತು.