ಸುಂದರಾಬಾಯಿ ಕಾವಲು ಕಾದ ಕ್ರಿಸ್‌ಮಸ್ ಗಿಡ

ಖಾಸಬಾಗದ ಸುಂದರಾಬಾಯಿ ಮೊಸರಿನಲ್ಲಿ ಕಲ್ಲು ಹುಡುಕುವ ಹೆಂಗಸು. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಎನ್ನುವಳು, ನಗದಿದ್ದರೆ ಹೆಚ್ಚೇ ಬೆರೆಸಿದ್ದಾನೆ ಎನ್ನುವಳು. ಅಂಥವಳ ಸೊಸೆ ಪ್ರಾಚಿ, ಅದೇ ಊರಿನ ಕ್ಯಾಂಪ್ ಭಾಗದ ಒಂದು ಶಾಲೆಯಲ್ಲಿ ಟೀಚರು. ಹೋದ ಡಿಸೆಂಬರಿನಲ್ಲಿ ಅವಳು ಅಲ್ಲಿಂದ ಒಂದು ಕ್ರಿಸ್‌ಮಸ್ ಗಿಡ ತಂದಳು. ಚಳಿಗಾಲದಲ್ಲಿ ತುದಿಯ ಎಲೆಗಳೇ ಹೂವಿನಂತೆ ಕೆಂಪಾಗುವ ಗಿಡ. ಬೇಸಿಗೆಗೆ ಕೆಂಪೆಲ್ಲ ಉದುರಿ ಬರೀ ಹಸಿರು ಉಳಿಯಿತು.

ಅಕ್ಟೋಬರಿನಲ್ಲಿ ಪ್ರಾಚಿ ಕುಂಡವನ್ನು ಹಗಲೆಲ್ಲ ಕಿಟಕಿಯ ಬಿಸಿಲಿಗಿಟ್ಟು, ಸಂಜೆ ಐದಕ್ಕೆ ಸಾಮಾನಿನ ಕೋಣೆಗೆ ಒಯ್ಯತೊಡಗಿದಳು.

"ಅತ್ಯಾರ, ಮುಂಜಾನಿ ತನಾ ಆ ಖೋಲ್ಯಾಗ ಲೈಟ್ ಹಚ್ಚಬ್ಯಾಡ್ರಿ. ದಿನಾ ಪೂರಾ ಕತ್ತಲಿ ಸಿಕ್ರನ ಇದು ಕೆಂಪಾಗೂದು."

ಕತ್ತಲಲ್ಲಿ ಬಣ್ಣ ಬರುವ ಗಿಡವಂತೆ! ಇದು ತನ್ನನ್ನು ಹೊರಗಿಡಲು ಕಟ್ಟಿದ ಕಥೆ ಎಂದು ಸುಂದರಾಬಾಯಿಗೆ ಅಲ್ಲೇ ಹೊಳೆಯಿತು. ಆ ಕೋಣೆಯಲ್ಲಿ ಸಿಹಿ ಉಂಡಿಯ ಡಬ್ಬಿಯಿತ್ತು. ತಮ್ಮದು ಹೊತ್ತು ಮುಳುಗಿದ ಮೇಲೆ ತುತ್ತು ಎತ್ತದ ಜೈನರ ಮನೆ. ಸೊಸೆ ಕತ್ತಲಲ್ಲಿ ಕದ್ದು ತಿನ್ನುತ್ತಾಳೆ, ಮತ್ತೇನು? ಕ್ರಿಸ್‌ಮಸ್‌ವರೆಗೆ ಗಿಡ ಕೆಂಪಾಗದಿದ್ದರೆ ಅವಳ ಸುಳ್ಳು ಬಯಲಾದಂತೆ. ಆಗ ಮಗ ವಿಪುಲನನ್ನು ಕೂರಿಸಿ ಎಲ್ಲ ಹೇಳಿಬಿಡುವುದು.

ದಿನಾ ರಾತ್ರಿ ಏಳಕ್ಕೆ, ಪ್ರಾಚಿ ಪಕ್ಕದ ಕೋಣೆಯಲ್ಲಿ ಪೇಪರು ತಿದ್ದುವಾಗ, ಸುಂದರಾಬಾಯಿ ಮೆಲ್ಲಗೆ ಒಳಹೋಗಿ ಲೈಟು ಹಾಕಿ ಉಂಡಿ ಎಣಿಸುವಳು. ಸಂಜೆ ಎಣಿಸಿಟ್ಟ ಹತ್ತೊಂಬತ್ತು ಹತ್ತೊಂಬತ್ತೇ ಇರುತ್ತಿದ್ದವು. ಹಾಗಾದರೆ ಹೊರಗಿನಿಂದ ತಂದು ತಿನ್ನುತ್ತಾಳೆ! ನೆಲಕ್ಕೆ ಬಗ್ಗಿ ಚೂರು ಹುಡುಕುವಳು. ಗಿಡ ಮಾತ್ರ ಹಸಿರಾಗಿಯೇ ಇತ್ತು.

ನವೆಂಬರಿನಲ್ಲಿ ಖಾನಾಪುರದ ತಂಗಿ ಪದ್ಮವ್ವ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಸುಂದರಾಬಾಯಿ ಹೋಗಲೇಬೇಕಾಯಿತು. ತಾನಿಲ್ಲದಾಗ ಸೊಸೆ ನರ್ಸರಿಯಿಂದ ಕೆಂಪು ಗಿಡ ತಂದು ಬದಲಿಸಿಬಿಟ್ಟರೆ? ಹೊರಡುವ ಮುಂಜಾನೆ ಗಿಡದ ಬುಡಕ್ಕೆ ತನ್ನ ಹಳೇ ಸೀರೆಯ ದಾರ ಕಟ್ಟಿ ಏಳು ಗಂಟು ಹಾಕಿದಳು.

ಆರು ವಾರ ತಂಗಿಯ ಸೇವೆ ಮಾಡಿ, ಕ್ರಿಸ್‌ಮಸ್‌ಗೆ ಮೂರು ದಿನ ಇರುವಾಗ ಮರಳಿದಳು. ಕಿಟಕಿಯಲ್ಲಿ ಗಿಡ ಕುಂಕುಮ ಚೆಲ್ಲಿದಂತೆ ಕೆಂಪಾಗಿತ್ತು.

"ಬದಲಿ ಮಾಡ್ಯಾಳ!" ಎನ್ನುತ್ತ ಬ್ಯಾಗು ಕೂಡ ಇಳಿಸದೆ ಓಡಿ, ಎಲೆ ಸರಿಸಿ ಬುಡ ನೋಡಿದಳು. ಅದೇ ದಾರ. ಗಂಟು ಎಣಿಸಿದಳು, ಏಳು. ಇನ್ನೊಮ್ಮೆ ಎಣಿಸಿದಳು.

ಪ್ರಾಚಿ ನೀರು ತಂದು ನಿಂತಿದ್ದಳು. "ನೀವು ಹ್ವಾದ ಮ್ಯಾಲ ಅಲ್ಲಿ ಯಾರೂ ಲೈಟ್ ಹಚ್ಚಲಿಲ್ರಿ. ಮೊದ್ಲ ದಿನಾ ಏಳಕ್ಕ ಬಾಗಲ ಸಂದ್ಯಾಗ ಬೆಳಕ ಕಾಣತಿತ್ತು."

"ಗೊತ್ತಿದ್ರ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ನಂಬ್ತಿದ್ರೇನ್ರಿ?"

ನಂಬುತ್ತಿರಲಿಲ್ಲ. ಅದು ಬೇರೆ ಯಾರಿಗಿಂತಲೂ ಸುಂದರಾಬಾಯಿಗೇ ಚೆನ್ನಾಗಿ ಗೊತ್ತಿತ್ತು. ಸಂಜೆ ಐದಕ್ಕೆ ಕುಂಡವನ್ನು ತಾನೇ ಎತ್ತಿ ಸಾಮಾನಿನ ಕೋಣೆಯಲ್ಲಿಟ್ಟಳು. ಉಂಡಿಯ ಡಬ್ಬಿಯನ್ನು ಹೊರಗೆ ತಂದು ಸೊಸೆಯ ಕೈಗೆ ಕೊಟ್ಟಳು.

"ಇನ್ನ ಹೊತ್ತ ಮುಳುಗಿಲ್ಲ," ಎಂದಳು. "ಒಂದ ತಿನ್ನು. ನಾ ಎಣಸಂಗಿಲ್ಲ."