ಅವಳ ಬಾಯಿಗೆ ಒಂದು ಕಾಫಿ ಮಷೀನು

ಕುತ್ತಿಗೆಯ ಗಡ್ಡೆಗೆ ಕರೆಂಟು ಕೊಡಿಸಿಕೊಂಡು ಬಂದ ಮೇಲೆ ನನ್ನ ಹೆಂಡತಿಗೆ ಯಾವುದರ ರುಚಿಯೂ ಹತ್ತದಾಯಿತು. ಕರೆಂಟು ಅಂದರೆ ರೇಡಿಯೇಷನ್ನಿಗೆ ನಮ್ಮ ಕಡೆಯವರು ಇಟ್ಟ ಹೆಸರು. ಗಡ್ಡೆ ಕರಗಿತು, ಡಾಕ್ಟರು ಖುಷಿಪಟ್ಟರು. ರೊಟ್ಟಿ ಬಾಯಲ್ಲಿಟ್ಟರೆ ರಟ್ಟು ಅಗಿದಂತಾಗುತ್ತದೆ ಎಂದು ಇವಳು ಅತ್ತಳು. "ನಾಲಿಗೆ ಮೆಲ್ಲಗೆ ಸರಿಹೋಗುತ್ತೆ, ಅಲ್ಲೀವರೆಗೆ ಏನಾದರೂ ಹೊಟ್ಟೆಗೆ ಹೋಗಲಿ, ಇನ್ನೂ ತೂಕ ಇಳಿಯಬಾರದು" ಎಂದು ಡಾಕ್ಟರು ನನಗೆ ಹೇಳಿ ಕಳಿಸಿದರು. ಹೇಳುವವರಿಗೇನು, ಬಾಯಿ ಅವರದು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನ ಜೊತೆ ವರ್ಷಗಟ್ಟಲೆ ಮಿರ್ಚಿ-ಮಂಡಕ್ಕಿ ಬಂಡಿ ನಡೆಸಿದವಳು, ಓಣಿಗೆಲ್ಲ ತಿನ್ನಿಸಿದವಳು, ಎರಡು ತುತ್ತಿಗೇ ತಟ್ಟೆ ಸರಿಸುತ್ತಿದ್ದಳು. ಇವಳು ಹೀಗೇ ಕರಗಿ ಹೋದರೆ ಎಂದು ನನಗೆ ಭಯ. ಅಡುಗೆ ನನ್ನ ಪಾಲಿಗೆ ಬಂದಿತ್ತು, ಬಂಡಿಗೆ ತಾಡಪಾಲು ಹೊದಿಸಿಯಾಗಿತ್ತು.

ತಪಾಸಣೆಗೆ ಹೋದ ಒಂದು ದಿನ ಆಸ್ಪತ್ರೆಯ ಎದುರಿನ ಕಾಫಿ ಅಂಗಡಿಯಲ್ಲಿ ಕೂತೆವು. ಬುಸ್ ಬುಸ್ ಎನ್ನುವ ದೊಡ್ಡ ಮಷೀನಿನಿಂದ ಕರಿ ಕಾಫಿ ಇಳಿಸಿ, ಹಾಲು ಬೆರೆಸಿ ಕೊಟ್ಟರು. ಇವಳು ಒಂದು ಗುಟುಕು ಕುಡಿದು ಕಪ್ಪಿನೊಳಗೆ ಇಣುಕಿದಳು.

"ಕಹಿ ಹತ್ತಿತ್ರೀ," ಎಂದಳು. "ಬಾಯಾಗ ಏನೋ ಐತಿ ಅನ್ನಿಸ್ತು."

ಕಪ್ಪು ಖಾಲಿಯಾಯಿತು. ಜೊತೆಗೆ ಒಂದು ಬನ್ನೂ ಹೋಯಿತು. ನನ್ನ ಕಣ್ಣಲ್ಲಿ ನೀರು ಬಂತು. ಸಾಲ ಮಾಡದೆ, ಕೈಯಲ್ಲಿರುವ ದುಡ್ಡಿನಲ್ಲೇ ಇಂಥದ್ದೊಂದು ಮನೆಗೆ ಬರಬೇಕು ಎಂದು ಅಲ್ಲೇ ಠರಾವು ಮಾಡಿದೆ.

ಸಿರುಗುಪ್ಪದಲ್ಲಿರುವ ಅವಳ ತಮ್ಮನಿಗೆ ಫೋನು ಮಾಡಿದರೆ ಅವನು ನಕ್ಕ. "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು ಅಂದಂಗಾತು ಮಾವ. ಸ್ಟೀಲಿನ ಫಿಲ್ಟರ್ ತಗೋರಿ, ಸಾಕು." ಅದನ್ನೂ ತಂದು ನೋಡಿದೆ. ಇವಳು ತಲೆಯಾಡಿಸಿದಳು, ಏನೂ ಹತ್ತಲಿಲ್ಲ. ಆಮೇಲೆ ಅವನೇ ಮೆತ್ತಗಾಗಿ, ಕುರುಗೋಡಿನಲ್ಲಿ ಒಬ್ಬ ಮೇಷ್ಟ್ರು ವರ್ಗವಾಗಿ ಹೋಗುತ್ತಿದ್ದಾರೆ, ಹಳೆಯ ಮಷೀನು ಮಾರುತ್ತಾರಂತೆ ಎಂದು ತಿಳಿಸಿದ.

ಇಬ್ಬರೂ ಬಸ್ಸು ಹತ್ತಿ ಹೋದೆವು. ಮೇಷ್ಟ್ರು ಒಳ್ಳೆಯವರು, ಕೂರಿಸಿ ಮಾಡಿಯೇ ತೋರಿಸಿದರು. ಪುಡಿ ತುಂಬುವ ಹಿಡಿಯ ಸಂದಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಇವಳು ಗುಟುಕರಿಸಿ, "ಬ್ಯಾಡ್ರಿ, ಇದರಾಗ ಆ ಕಹಿ ಇಲ್ಲ," ಎಂದಳು. ನನಗೂ ಅದು ಬೇಕಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವಳ ನಾಲಿಗೆಯನ್ನು ಹೊಗಳಿದೆ.

ಕಡೆಗೆ ಬಳ್ಳಾರಿಯಲ್ಲೇ ಒಂದು ದೊಡ್ಡ ಅಂಗಡಿಗೆ ಹೋದೆವು. ಬೀಜ ಹಾಕಿದರೆ ತಾನೇ ಪುಡಿ ಮಾಡಿಕೊಳ್ಳುವ ಮಷೀನು ಬಾಗಿಲಲ್ಲೇ ಇತ್ತು. ಅದರ ಕಡೆ ನಾವು ನೋಡಲೇ ಇಲ್ಲ. ಇನ್ನೊಂದಕ್ಕೆ ಕಾಫಿ ತುಂಬಿದ ಸಣ್ಣ ಬಿಲ್ಲೆಗಳು ಬೇಕು, ಮುಗಿದಾಗಲೆಲ್ಲ ಆನ್‌ಲೈನಿನಲ್ಲಿ ತರಿಸಬೇಕು. ಅದು ಅಗ್ಗದ ಕುದುರೆ, ತುಟ್ಟಿ ಹುಲ್ಲು. ಉಳಿದವು ಎರಡು. ಒಂದರಲ್ಲಿ ಪಂಪು ಇತ್ತು, ಇನ್ನೊಂದು ಬರೀ ಹಬೆಯ ಬಲದಲ್ಲಿ ನಡೆಯುವಂಥದ್ದು, ಚಿಕ್ಕದು. ಸೇಲ್ಸ್‌ನವನು ಎರಡರಲ್ಲೂ ಮಾಡಿಕೊಟ್ಟ. ನನಗಂತೂ ಪಂಪಿನದೇ ಆಸ್ಪತ್ರೆ ಎದುರಿನ ಕಾಫಿಯಂತೆ ಅನಿಸಿತು. ಆದರೆ ಅದನ್ನು ತಂದರೆ ಬಂಡಿಗೆ ಹೊಸ ಒಲೆ ಎಂದು ಎತ್ತಿಟ್ಟ ದುಡ್ಡೂ ಹೋಗುತ್ತಿತ್ತು. ಹೋದರೆ ಹೋಗಲಿ ಎಂದೇ ಬಂದಿದ್ದೆ.

ಇವಳು ಎರಡನ್ನೂ ನಿಧಾನಕ್ಕೆ ಕುಡಿದು ಚಿಕ್ಕದರ ಮೇಲೆ ಕೈಯಿಟ್ಟಳು. "ಇದರಾಗ ಐತ್ರಿ ಆ ಕಹಿ."

"ಎಲ್ಲಾರೂ ಪಂಪಿಂದೇ ಚಲೋ ಅಂತಾರಲ್ರೀ ಅಮ್ಮಾ," ಎಂದ ಅವನು.

"ಕುಡಿಯಾಕಿ ಆಕಿ, ನೀ ಅಲ್ಲ. ಕಟ್ಟಿ ಕೊಡು," ಎಂದು ಗದರಿದೆ. ಸುಳ್ಳೇಕೆ, ಒಳಗೊಳಗೆ ಹಗುರವಾಗಿತ್ತು.

ಅಂದಿನಿಂದ ದಿನಾ ಬೆಳಿಗ್ಗೆ ಗಟ್ಟಿ ಹಾಲಿನಲ್ಲಿ ಅವಳಿಗೊಂದು ದೊಡ್ಡ ಕಪ್ಪು. ದಿನಾ "ಚಲೋ ಆಗೇತ್ರಿ" ಎನ್ನುತ್ತಿದ್ದಳು. ಮೈ ತುಂಬಲಿಲ್ಲ, ಆದರೆ ಇಳಿಯುವುದು ನಿಂತಿತು. ನಾನು ಮತ್ತೆ ಬಂಡಿಯ ಮಾತು ಎತ್ತತೊಡಗಿದ್ದೆ.

ನಮ್ಮ ಬೋರಿನ ನೀರಿಗೆ ಯಾವ ಪಾತ್ರೆಯೂ ತಾಳುವುದಿಲ್ಲ. ಮಷೀನಿನ ಮೂತಿಗೂ ಬಿಳಿ ಸುಣ್ಣ ಕಟ್ಟಿ, ಕಾಫಿ ದಾರದಂತೆ ಇಳಿಯತೊಡಗಿತು. ಮಿರ್ಚಿ ಮಾರುವವರಿಗೆ ಲೋಕದಲ್ಲಿ ಒಂದೇ ಔಷಧ, ಅಡುಗೆ ಸೋಡಾ. ಹಿಟ್ಟಿಗೂ ಅದೇ, ಬಾಣಲೆಯ ಜಿಡ್ಡಿಗೂ ಅದೇ. ಕರೆಂಟು ಕೊಟ್ಟ ಬಾಯಿ ಮುಕ್ಕಳಿಸಲು ಆಸ್ಪತ್ರೆಯವರೂ ಸೋಡಾ ನೀರನ್ನೇ ಹೇಳಿದ್ದರು. ಹಿಡಿ ಸೋಡಾ ಕಲಸಿ ಮಷೀನಿನೊಳಗೆ ಸುರಿದು ಒಂದು ಸಲ ಕುದಿಸಿದೆ. ಹೊರಗೆಲ್ಲ ಫಳಫಳ ಒರೆಸಿದೆ. ಬರೀ ನೀರು ಹಾಕಿ ಮತ್ತೆ ತೊಳೆಯಬೇಕೆಂಬುದು ತಲೆಗೆ ಹೊಳೆಯಲಿಲ್ಲ.

ಮರುದಿನ ಇಬ್ಬರಿಗೂ ಮಾಡಿದೆ. ಅವಳ ಕಪ್ಪು ಕೊಟ್ಟು ರೊಟ್ಟಿ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಅರ್ಧ ಕುಡಿದಿದ್ದಳು. "ಇವತ್ತು ಭಾಳ ಚಲೋ ಆಗೇತ್ರಿ," ಎಂದಳು. ನಾನು ನನ್ನದನ್ನು ಬಾಯಿಗಿಟ್ಟೆ. ಸಾಬೂನಿನ ನೀರು! ಬಚ್ಚಲಿಗೆ ಓಡಿ ಉಗುಳಿದೆ. ತಿರುಗಿ ನೋಡಿದರೆ ಇವಳು ಕಪ್ಪು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಳು.

"ನಿನಗ ಏನೂ ಹತ್ತಲಿಲ್ಲೇನು?"

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ, "ಆಸ್ಪತ್ರಿ ಮುಂದ ಆ ಒಂದು ದಿನ ಹತ್ತಿತ್ರೀ. ಖರೇನ ಹತ್ತಿತ್ತು. ಮತ್ತ ಹತ್ತಿಲ್ಲ," ಎಂದಳು.

"ಅಂಗಡ್ಯಾಗ ಹೆಂಗ ಹೇಳಿದಿ ಮತ್ತ?"

"ಬೋಣಿ ಗಿರಾಕಿ ಮಾರಿ ನೋಡಿ ಉಪ್ಪು ಹಾಕ್ತಿದ್ದಿಲ್ಲೇನ್ರಿ ನಾನು? ಹಂಗ."

ಬೋಣಿ, ಅಂದರೆ ದಿನದ ಮೊದಲ ವ್ಯಾಪಾರ, ಆಗುವವರೆಗೆ ನಾವು ಕರಿದದ್ದನ್ನು ನಾವೇ ಬಾಯಿಗೆ ಹಾಕಬಾರದು. ಹಾಗಾಗಿ ಮೊದಲ ಗಿರಾಕಿ ಮಿರ್ಚಿ ಕಚ್ಚಿದಾಗ ಇವಳು ಅವನ ಮುಖ ನೋಡಿ, ಹಿಟ್ಟಿಗೆ ಉಪ್ಪು ಬೇಕೋ ಬೇಡವೋ ತಿಳಿಯುತ್ತಿದ್ದಳು. ಒಂದು ದಿನವೂ ತಪ್ಪಿದ್ದಿಲ್ಲ.

"ಕುರುಗೋಡಾಗ ನೀರು ಸೋರೋದು ನೋಡಿ ನಿಮ್ಮ ಮಾರಿ ಗಂಟಾತು. ಇಲ್ಲಿ ಅಂಗಡ್ಯಾಗ ಪಂಪಿಂದು ರೇಟು ಕೇಳಿ ಇಳೀತು, ಸಣ್ಣದರದು ಕೇಳಿ ತಿಳಿ ಆತು. ಅದನ್ನ ಹೇಳಿದೆ."

ನನಗೆ ಸಿಟ್ಟು ಬಂತು, ದುಃಖವೂ ಬಂತು. ಯಾವುದು ಮೊದಲು ಬಂತೋ ಗೊತ್ತಿಲ್ಲ. "ರುಚಿ ಹತ್ತದಿದ್ರ ದಿನಾ ಅದನ್ನ ಯಾಕ ಕುಡೀತಿದ್ದಿ?" ಎಂದು ಕೂಗಿದೆ.

"ನಾ ಕಪ್ಪು ಖಾಲಿ ಮಾಡಿದ ಮ್ಯಾಲೇ ನೀವು ರೊಟ್ಟಿ ಮುರೀತೀರಿ," ಎಂದಳು. "ನಾ ಬಿಟ್ಟ ದಿನ ನೀವೂ ತಟ್ಟಿ ಸರಸ್ತಿದ್ರಿ. ಎಷ್ಟು ಸೊರಗೀರಿ, ನೋಡ್ಕೊಂಡೀರೇನು?"

ನಾನು ನೋಡಿಕೊಂಡಿರಲಿಲ್ಲ. ಅವಳು ಸೋಡಾ ಕಾಫಿಯ ಕಪ್ಪನ್ನು ಮತ್ತೆ ಎತ್ತಿಕೊಂಡಳು. ನಾನು ಕಿತ್ತುಕೊಂಡು ಚೆಲ್ಲಿದೆ. ಎದುರು ಕೂತು ರೊಟ್ಟಿ ಮುರಿದೆ. ಒಂದು ತುತ್ತು ಬಾಯಿಗಿಟ್ಟೆ. ಅವಳು ನೋಡುತ್ತಿದ್ದಳು, ನುಂಗಿದೆ.